ಗುಟ್ಟು ಯಾರಿಗೆ ಬೇಕು?

ಓಟು ಗುಟ್ಟಾಗಿರಬೇಕು ಅಂತ ಕಾನೂನು ಮಾಡಿದ್ದು ಯಾಕೆ? ಜಮೀನ್ದಾರನ ಮನೆಯ ಆಳು ಅವನಿಗೆ ಹೆದರದೆ ತನಗೆ ಬೇಕಾದವರಿಗೆ ಓಟು ಹಾಕಲಿ ಅಂತ. ಗುಟ್ಟು ಬಲವಿಲ್ಲದವನ ಆಸರೆ. ಆ ಆಸರೆಯನ್ನೂ ಉಳ್ಳವರು ಕಿತ್ತುಕೊಂಡ ಕತೆ ನಮಗೆ ಗೊತ್ತಿರಬೇಕು.

1957ರಲ್ಲಿ ಟಾಟಾ ಉಕ್ಕಿನ ಕಂಪನಿ ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡಲು ತನ್ನ ನಿಯಮಾವಳಿ ತಿದ್ದಿಕೊಂಡು, ಒಪ್ಪಿಗೆಗಾಗಿ ಬೊಂಬಾಯಿ ಹೈಕೋರ್ಟಿಗೆ ಹೋಯಿತು. ಕಾನೂನಿನಲ್ಲಿ ಅಡ್ಡಿಯಿಲ್ಲ ಅಂತ ಮುಖ್ಯ ನ್ಯಾಯಾಧೀಶ ಎಂ. ಸಿ. ಛಾಗ್ಲಾ ಒಪ್ಪಿದರು. ಆದರೆ ಇದರಿಂದ ಪ್ರಜಾಪ್ರಭುತ್ವಕ್ಕೆ ಅಪಾಯವಿದೆಯೆಂದು ಪಾರ್ಲಿಮೆಂಟನ್ನು ಎಚ್ಚರಿಸಿದರು.

1960ರಲ್ಲಿ ಪಾರ್ಲಿಮೆಂಟು ಮಿತಿ ಹಾಕಿತು: 25,000 ರೂಪಾಯಿ ಅಥವಾ ಮೂರು ವರ್ಷದ ಸರಾಸರಿ ಲಾಭದ ಶೇ. 5, ಯಾವುದು ಹೆಚ್ಚೋ ಅದು. 1969ರಲ್ಲಿ ಪೂರ್ತಿ ನಿಷೇಧ. ಚುನಾವಣೆಯ ಖರ್ಚಿಗೆ ಬೇರೆ ದಾರಿ ಮಾಡಲಿಲ್ಲ. ಮುಂಬಾಗಿಲು ಮುಚ್ಚಿದರೆ ದುಡ್ಡು ಹಿತ್ತಲಿಂದ ಬಂತು. 1985ರಲ್ಲಿ ಮತ್ತೆ ಶೇ. 5ಕ್ಕೆ ಬಾಗಿಲು ತೆರೆದರು. 2013ರಲ್ಲಿ ಅದು ಶೇ. 7.5 ಆಯಿತು. ಇಷ್ಟಾದರೂ ಒಂದು ಮಾತಿತ್ತು: ಯಾರಿಗೆ ಎಷ್ಟು ಕೊಟ್ಟೆ ಅಂತ ಕಂಪನಿ ತನ್ನ ಲೆಕ್ಕದಲ್ಲಿ ಬರೆಯಬೇಕಿತ್ತು.

2017ರಲ್ಲಿ ಅದನ್ನೂ ಅಳಿಸಿದರು. ಹಣಕಾಸು ಕಾಯಿದೆಯೊಳಗೆ ತಿದ್ದುಪಡಿ ತೂರಿಸಿ ಮಿತಿಯನ್ನೇ ಕಿತ್ತೆಸೆದರು. ನಷ್ಟದಲ್ಲಿರೋ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಿತ್ತು, ಪಕ್ಷದ ಹೆಸರು ಹೇಳಬೇಕಿರಲಿಲ್ಲ. 2018ರಲ್ಲಿ ಚುನಾವಣಾ ಬಾಂಡ್ ಬಂತು. ಕೊಂಡವರು ಯಾರು ಅಂತ ಸ್ಟೇಟ್ ಬ್ಯಾಂಕಿಗೆ ಗೊತ್ತು. ಓಟು ಹಾಕುವವನಿಗೆ ಗೊತ್ತಿಲ್ಲ. ಹೀಗೆ ಮಾರಿದ ಬಾಂಡು 16,000 ಕೋಟಿ ರೂಪಾಯಿಗೂ ಮೇಲೆ.

ಹೆಸರು ಬಯಲಾದರೆ ಬೇರೆ ಪಕ್ಷದವರು ಸೇಡು ತೀರಿಸಿಕೊಳ್ಳುತ್ತಾರೆ, ದೇಣಿಗೆದಾರನ ಖಾಸಗಿತನ ಉಳಿಯಬೇಕು ಎಂದು ಸರ್ಕಾರ ವಾದಿಸಿತು. ನೋಡಿ, ಕೂಲಿಯವನ ಭಯ ಈಗ ಕೋಟ್ಯಧಿಪತಿಯ ಬಾಯಲ್ಲಿ!

ಅಮೆರಿಕದಲ್ಲಿ ಇದಕ್ಕೆ ವಾಕ್ ಸ್ವಾತಂತ್ರ್ಯದ ಹೆಸರಿದೆ. ಪ್ರಚಾರಕ್ಕೆ ಸುರಿಯುವ ಹಣಕ್ಕೂ ವಾಕ್ ಸ್ವಾತಂತ್ರ್ಯದ ರಕ್ಷಣೆ ಉಂಟು ಅಂತ 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಭ್ಯರ್ಥಿಯ ಕೈಗೆ ಕೊಡದೆ ಸ್ವತಂತ್ರವಾಗಿ ಮಾಡುವ ಪ್ರಚಾರಕ್ಕೆ ಕಂಪನಿಗಳೂ ಮಿತಿಯಿಲ್ಲದೆ ಖರ್ಚು ಮಾಡಬಹುದು ಅಂತ 2010ರಲ್ಲಿ ಹೇಳಿತು. ದುಡ್ಡೇ ಮಾತಾದರೆ ದುಡ್ಡಿಲ್ಲದವನು ಮೂಗನೇ?

ನಮ್ಮ ಸುಪ್ರೀಂ ಕೋರ್ಟ್ ಅದೇ ವಾಕ್ ಸ್ವಾತಂತ್ರ್ಯವನ್ನು ಬೇರೆ ಕಡೆಯಿಂದ ನೋಡಿತು. 2024ರ ಫೆಬ್ರವರಿ 15ರಂದು ಐವರು ನ್ಯಾಯಾಧೀಶರು ಒಮ್ಮತದಿಂದ ಬಾಂಡ್ ಯೋಜನೆಯನ್ನು ರದ್ದು ಮಾಡಿದರು. ಪಕ್ಷಕ್ಕೆ ದುಡ್ಡು ಕೊಟ್ಟವರು ಯಾರೆಂದು ತಿಳಿಯುವುದು ಸಂವಿಧಾನದ 19ನೇ ವಿಧಿಯಲ್ಲೇ ಇರುವ ಮತದಾರನ ಹಕ್ಕು; ಕಂಪನಿಯ ದೇಣಿಗೆ ಪ್ರತಿಫಲ ಬಯಸಿ ಮಾಡುವ ವ್ಯವಹಾರ ಎಂದರು.

ಕೆಲಸ ಮುಗಿದಿಲ್ಲ. ಟ್ರಸ್ಟುಗಳ ಮೂಲಕ ಕಂಪನಿ ದುಡ್ಡು ಇಂದೂ ಹರಿಯುತ್ತಿದೆ. ಅಭ್ಯರ್ಥಿಯ ಖರ್ಚಿಗೆ ಮಿತಿಯುಂಟು, ಪಕ್ಷದ ಖರ್ಚಿಗಿಲ್ಲ. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧಾಭಾಸ ಪ್ರಜಾಪ್ರಭುತ್ವವನ್ನೇ ಕೆಡವೀತು ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು.

ಬಾಂಡು ಕೊಂಡವರ, ಪಡೆದ ಪಕ್ಷಗಳ ಪಟ್ಟಿ 2024ರ ಮಾರ್ಚಿನಲ್ಲಿ ಹೊರಬಂದಿದೆ. ಮೇಷ್ಟ್ರುಗಳೇ, ಗೆಳೆಯರೇ, ಅದನ್ನು ಕೇರಿಕೇರಿಯಲ್ಲಿ ಓದಿ ಹೇಳೋಣ. ನಮ್ಮ ಓಟು ಗುಟ್ಟಾಗಿರಲಿ. ಅವರ ಥೈಲಿ ಬಯಲಾಗಲಿ.