ಬಿಟ್ಟ ಮೀನು ಬದುಕುತ್ತದೆಯೇ? ಬಿಳಿ ಮಾರ್ಲಿನ್ ಮತ್ತು ಗಾಳದ ಆಕಾರ

ಪಶ್ಚಿಮ ಅಟ್ಲಾಂಟಿಕ್ ಸಾಗರದಲ್ಲಿ ಹವ್ಯಾಸಕ್ಕೆಂದು ಗಾಳ ಹಾಕುವವರು ಹಿಡಿದ ಬಿಳಿ ಮಾರ್ಲಿನ್‌ಗಳಲ್ಲಿ ಬಹುಪಾಲನ್ನು ಮತ್ತೆ ಕಡಲಿಗೇ ಬಿಡುತ್ತಾರೆ. ಬಾಲ ಬಡಿದು ಆಳಕ್ಕಿಳಿದ ಮೀನು ಬದುಕಿಕೊಂಡಿತೆಂದೇ ಬೋಟಿನವರ ನಂಬಿಕೆ. ಆದರೆ ಈಜಿ ಮರೆಯಾದದ್ದು ಉಳಿವಿಗೆ ಪುರಾವೆಯಲ್ಲ. ಮೀನಿನ ಅಳಿವು ಉಳಿವು ಬಹುಮಟ್ಟಿಗೆ ಎರೆ ನೀರಿಗಿಳಿಯುವ ಮುನ್ನವೇ, ಗಾಳದ ಆಯ್ಕೆಯಲ್ಲೇ ತೀರ್ಮಾನವಾಗಿರುತ್ತದೆ ಎಂಬುದು ಇಲ್ಲಿನ ವಾದ.

ಇದಕ್ಕೆ ಬಲವಾದ ಆಧಾರ ಹೊರೊಡಿಸ್ಕಿ ಮತ್ತು ಗ್ರೇವ್ಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಮೀನುಗಳಿಗೆ ಉಪಗ್ರಹ ಟ್ಯಾಗ್ ಸಿಕ್ಕಿಸಿ ಬಿಟ್ಟರು. ಈ ಟ್ಯಾಗ್ ಆಳ, ಉಷ್ಣತೆ, ಬೆಳಕನ್ನು ದಾಖಲಿಸುತ್ತ ಹೋಗಿ, ಗೊತ್ತುಪಡಿಸಿದ ದಿನ ತಾನೇ ಕಳಚಿ ಮೇಲೆ ತೇಲುತ್ತದೆ, ಮಾಹಿತಿಯನ್ನು ಉಪಗ್ರಹಕ್ಕೆ ರವಾನಿಸುತ್ತದೆ. ಸತ್ತ ಮಾರ್ಲಿನ್ ಮುಳುಗುವುದರಿಂದ ಅದರ ಸಾವು ಆಳದ ದಾಖಲೆಯಲ್ಲೇ ಕಾಣಿಸುತ್ತದೆ. ಜೆ ಆಕಾರದ ಗಾಳದಿಂದ ಹಿಡಿದ 20 ಮೀನುಗಳಲ್ಲಿ 7 ಸತ್ತವು. ವೃತ್ತಾಕಾರದ ಗಾಳದಿಂದ ಹಿಡಿದ 20ರಲ್ಲಿ ಒಂದೂ ಸಾಯಲಿಲ್ಲ. ಮಾದರಿ ಚಿಕ್ಕದು, ನಿಗಾ ಇಟ್ಟ ಅವಧಿಯೂ ಕೆಲವೇ ದಿನಗಳದು ಎಂಬ ಆಕ್ಷೇಪ ಸರಿಯೇ. ಆದರೂ ಟ್ಯಾಗಿನ ಹೊರೆ ಎರಡೂ ಗುಂಪಿಗೆ ಸಮನಾಗಿದ್ದುದರಿಂದ, ಈ ಅಂತರಕ್ಕೆ ಗಾಳವನ್ನು ಬಿಟ್ಟು ಬೇರೆ ಕಾರಣ ಹುಡುಕುವುದು ಕಷ್ಟ.

ವೃತ್ತಾಕಾರದ ಗಾಳದ ಮೊನೆ ಅದರ ದಂಡದ ಕಡೆಗೇ ಬಾಗಿರುತ್ತದೆ. ಮೀನು ಎರೆ ನುಂಗಿದ ಮೇಲೂ ದಾರ ಬಿಗಿಯಾದಾಗ ಅದು ಗಂಟಲಿನ ಮೆತ್ತನೆಯ ಭಾಗವನ್ನು ಕಚ್ಚದೆ ಜಾರಿ ಬಂದು, ದವಡೆಯ ಮೂಲೆಯಲ್ಲಿ ನಾಟುತ್ತದೆ. ಜೆ ಗಾಳ ಹಾಗಲ್ಲ. ಗಂಟಲು, ಜಠರ, ಕಿವಿರುಗಳಲ್ಲಿ ಎಲ್ಲಿ ಬೇಕಾದರೂ ಚುಚ್ಚಿ ಒಳಗೇ ರಕ್ತಸ್ರಾವ ಮಾಡಬಹುದು. ಹೊರಗಿನಿಂದ ನೋಡಿದರೆ ಇದು ಅನೇಕ ಸಲ ತಿಳಿಯುವುದೇ ಇಲ್ಲ. ಆದರೆ ಮೊನೆ ಪಕ್ಕಕ್ಕೆ ಓರೆಯಾಗಿರುವ ವೃತ್ತ ಗಾಳಗಳಲ್ಲಿ ದವಡೆಯ ಮೂಲೆಯಲ್ಲೇ ನಾಟುವ ಗುಣ ಕುಗ್ಗುತ್ತದೆ. ವೃತ್ತ ಗಾಳ ಬಳಸುವವರು ಮೀನು ಕಚ್ಚಿದೊಡನೆ ಕೋಲನ್ನು ಜಗ್ಗುವ ಹಳೆಯ ಅಭ್ಯಾಸವನ್ನೂ ಬಿಡಬೇಕಾಗುತ್ತದೆ.

ಗಾಯವಿಲ್ಲದ ಮೀನಿಗೂ ಅಪಾಯ ತಪ್ಪಿದ್ದಲ್ಲ. ದೀರ್ಘ ಸೆಣಸಾಟದಲ್ಲಿ ರಕ್ತದ ಲ್ಯಾಕ್ಟೇಟ್ ಏರಿ ಆಮ್ಲೀಯತೆ ಹೆಚ್ಚುತ್ತದೆ. ಮಾರ್ಲಿನ್, ಟ್ಯೂನಾಗಳು ಮುಂದಕ್ಕೆ ಈಜುತ್ತಿದ್ದರಷ್ಟೇ ಕಿವಿರಿನ ಮೇಲೆ ಸಾಕಷ್ಟು ನೀರು ಹರಿಯುತ್ತದೆ. ಉಸಿರಿನ ಅಗತ್ಯ ಅತಿ ಹೆಚ್ಚಿರುವ ಆ ಹೊತ್ತಿನಲ್ಲೇ ಫೋಟೊಗಾಗಿ ಮೀನನ್ನು ಮೇಲೆತ್ತುವುದು ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ ಕೆಲಸ. ಬಲವಾದ ದಾರ ಬಳಸಿ ಸೆಣಸಾಟವನ್ನು ಬೇಗ ಮುಗಿಸಬೇಕು. ಬಳಲಿದ ಮೀನನ್ನು ನೀರಿನಲ್ಲೇ ಬೋಟಿನ ಪಕ್ಕ ಹಿಡಿದು, ಅದು ಚೇತರಿಸಿಕೊಳ್ಳುವವರೆಗೆ ನಿಧಾನವಾಗಿ ಮುಂದೆ ಸಾಗಬೇಕು. ಆಳಕ್ಕಿಳಿದ ಗಾಳವನ್ನು ಕಿತ್ತು ತೆಗೆಯದೆ ದಾರವನ್ನು ಹತ್ತಿರದಲ್ಲೇ ಕತ್ತರಿಸುವುದು ಮೇಲು.

ಅಮೆರಿಕ ತನ್ನ ಅಟ್ಲಾಂಟಿಕ್ ಮಾರ್ಲಿನ್ ಬೇಟೆಯ ಸ್ಪರ್ಧೆಗಳಲ್ಲಿ ನೈಸರ್ಗಿಕ ಎರೆಯೊಂದಿಗೆ ವೃತ್ತ ಗಾಳವನ್ನು 2008ರಿಂದ ಕಡ್ಡಾಯಗೊಳಿಸಿದೆ. ಮಾರ್ಲಿನ್‌ಗೆ ಅದು ಸ್ಪರ್ಧೆಯ ಗಾಳವೋ ರಜೆಯ ಗಾಳವೋ ತಿಳಿಯದು. ಆದ್ದರಿಂದ ಸ್ಪರ್ಧೆಯ ಹೊರಗೆ ನೈಸರ್ಗಿಕ ಎರೆ ಬಳಸುವ ಮಾರ್ಲಿನ್ ಬೇಟೆಗೂ ಈ ನಿಯಮವನ್ನು ವಿಸ್ತರಿಸಬೇಕು.