ವನ್ಸ್ ಮೋರ್ ಇಲ್ಲದ ಸಾವು: ಚಿರಂಜೀವಿ ಅಶ್ವತ್ಥಾಮನ ಪಾರ್ಟು ಮಾಡಿದ ಕತೆ

ಇವತ್ತಿನ ಎಪಿಸೋಡ್ ಶುರು ಮಾಡೋ ಮುಂಚೆ ಒಂದು ಪ್ರಶ್ನೆ. ನಾಟಕದಲ್ಲಿ ಸತ್ತವನು ಮತ್ತೆ ಎದ್ದು ನಿಂತು ಹಾಡಿದ್ದನ್ನ ನೀವು ನೋಡಿದ್ದೀರಾ? ನೋಡಿಲ್ಲ ಅಂದ್ರೆ, ನೀವು ಕುಣಿಗಲ್ ಕಡೆ ಹಳ್ಳಿಯಲ್ಲಿ ರಾತ್ರಿಯಿಡೀ ಕೂತು 'ಕುರುಕ್ಷೇತ್ರ' ನೋಡಿಲ್ಲ ಅಂತ ಅರ್ಥ.

ನಮ್ಮ ತಾತ ಆ ನಾಟಕದಲ್ಲಿ ದುರ್ಯೋಧನ. ಹಳ್ಳಿ ನಾಟಕದಲ್ಲಿ ಸಂಬಳ ಇರಲ್ಲ, ಪಾರ್ಟು ಬೇಕು ಅಂದ್ರೆ ನಾವೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನನಂಥ ದೊಡ್ಡ ಪಾರ್ಟಿಗೆ ಹೆಚ್ಚು. ಬಾಡಿಗೆ ಸೀನರಿ, ಝಗಮಗ ಡ್ರೆಸ್ಸು, ತಿಂಗಳುಗಟ್ಟಲೆ ಪದ್ಯ ಕಲಿಸೋಕೆ ಹಾರ್ಮೋನಿಯಂ ಮೇಷ್ಟ್ರು. ಬೆಳಗಿನ ಜಾವ ತೊಡೆ ಮುರಿದು ಬಿದ್ದ ದುರ್ಯೋಧನ ಕೊನೇ ಪದ್ಯ ಹೇಳಿ ಕಣ್ಣು ಮುಚ್ಚಿದ ತಕ್ಷಣ ಜನ 'ವನ್ಸ್ ಮೋರ್' ಅಂತ ಕೂಗ್ತಿದ್ರಂತೆ. ತಾತ ಎದ್ದು, ಕಿರೀಟ ಸರಿ ಮಾಡ್ಕೊಂಡು, ಅದೇ ಪದ್ಯ ಇನ್ನೊಂದ್ಸಲ ಹಾಡಿ, ಇನ್ನೊಂದ್ಸಲ ಸಾಯ್ತಿದ್ರು.

ಹೋದ ವರ್ಷ ನಾನೂ ಒಂದು ನಾಟಕದಲ್ಲಿ ಸತ್ತೆ. ಆದ್ರೆ ನನಗೆ ಮತ್ತೆ ಏಳೋಕೆ ಅವಕಾಶ ಇರಲಿಲ್ಲ. ಈ ಎರಡು ಸಾವುಗಳ ನಡುವಿನ ಇತಿಹಾಸವೇ ಇವತ್ತಿನ ವಿಷಯ. ತಮಾಷೆ ಅಂದ್ರೆ, ಎರಡರ ಬೇರೂ ನಮ್ಮ ತುಮಕೂರು ಜಿಲ್ಲೆಯಲ್ಲೇ ಇದೆ. ಎರಡೂ ಶುರುವಾಗೋದು ಒಂದೇ ವರ್ಷದಿಂದ, 1884.

ಆ ವರ್ಷ ಗುಬ್ಬಿಯಲ್ಲಿ ಚಂದಣ್ಣ ಮತ್ತು ಗೆಳೆಯರು ಸೇರಿ ಚನ್ನಬಸವೇಶ್ವರನ ಹೆಸರಲ್ಲಿ ಒಂದು ನಾಟಕ ತಂಡ ಕಟ್ಟಿದರು. ಅದೇ ಮುಂದೆ ಗುಬ್ಬಿ ಕಂಪನಿ ಆಯಿತು. 1891ರಲ್ಲಿ ಹುಟ್ಟಿದ ವೀರಣ್ಣ ಹುಡುಗನಾಗಿ ಆ ತಂಡಕ್ಕೆ ಸೇರಿ, ಕೊನೆಗೆ ಅದರ ಮಾಲೀಕರೇ ಆದರು. ಅವರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆ ರಂಗದ ಮೇಲೆ ಬರ್ತಿದ್ವು. ಇವತ್ತು ತುಮಕೂರಿನ ಕಲಾಕ್ಷೇತ್ರಕ್ಕೂ ಅವರದೇ ಹೆಸರು. ಹಳ್ಳಿ ಹಳ್ಳಿಯ ಹವ್ಯಾಸಿಗಳು ಬಣ್ಣ ಹಚ್ಚಿಕೊಂಡಿದ್ದು ಇಂಥ ಕಂಪನಿ ನಾಟಕಗಳನ್ನ ನೋಡಿಯೇ. ನಮ್ಮ ತಾತನ ಗದೆಯೂ ಒಂದು ರೀತಿ ಅಲ್ಲಿಂದಲೇ ಬಂದದ್ದು.

ಅದೇ 1884ರ ಜನವರಿಯಲ್ಲಿ, ಇದೇ ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಒಂದು ಮಗು ಹುಟ್ಟಿತು: ಬಿ.ಎಂ. ಶ್ರೀಕಂಠಯ್ಯ. ನಮ್ಮೆಲ್ಲರ ಬಿಎಂಶ್ರೀ. ಮುಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾದರು. ಅವರ ತಲೆಯಲ್ಲಿ ಒಂದು ಪ್ರಶ್ನೆ ಇತ್ತು: ಕನ್ನಡದಲ್ಲಿ ದುರಂತ ನಾಟಕ ಯಾಕಿಲ್ಲ?

ಪ್ರಶ್ನೆ ಸಣ್ಣದಲ್ಲ. ಸಂಸ್ಕೃತ ನಾಟಕದ ಸಂಪ್ರದಾಯದಲ್ಲಿ ನಾಯಕ ರಂಗದ ಮೇಲೆ ಸಾಯೋ ಹಾಗಿಲ್ಲ, ಕೊನೆ ಮಂಗಳವಾಗಿರಬೇಕು. 19ನೇ ಶತಮಾನದ ಕೊನೆಯಲ್ಲಿ ಷೇಕ್ಸ್‌ಪಿಯರ್ ಕನ್ನಡಕ್ಕೆ ಬಂದಾಗಲೂ ಇದೇ ಕತೆ. ರೋಮಿಯೋ ಜೂಲಿಯಟ್ 'ರಾಮವರ್ಮ ಲೀಲಾವತಿ' ಆದಾಗ ಸತ್ತ ಪ್ರೇಮಿಗಳನ್ನ ದೇವರ ದಯೆಯಿಂದ ಬದುಕಿಸಿಬಿಟ್ರು. ಯೋಚನೆ ಮಾಡಿ, ಅದೂ ಒಂಥರಾ ವನ್ಸ್ ಮೋರೇ ಅಲ್ವಾ?

ಬಿಎಂಶ್ರೀ ಹಾಗೆ ಬದುಕಿಸೋಕೆ ಒಪ್ಪಲಿಲ್ಲ. 1926ರಲ್ಲಿ ರನ್ನನ ಕಾವ್ಯದಿಂದ 'ಗದಾಯುದ್ಧ ನಾಟಕಂ' ಮಾಡಿದರು, ದುರ್ಯೋಧನನೇ ದುರಂತ ನಾಯಕ. 1929ರಲ್ಲಿ ಇನ್ನೂ ದೊಡ್ಡ ಧೈರ್ಯ ಮಾಡಿದರು. ಗ್ರೀಕ್ ನಾಟಕಕಾರ ಸೋಫೋಕ್ಲೀಸ್‌ನ 'ಏಜಾಕ್ಸ್' ನಾಟಕವನ್ನ ಹಳಗನ್ನಡದಲ್ಲಿ 'ಅಶ್ವತ್ಥಾಮನ್' ಮಾಡಿದರು.

ಏಜಾಕ್ಸ್ ದೊಡ್ಡ ವೀರ. ತನಗೆ ಸಿಗಬೇಕಾದ ಗೌರವ ಇನ್ನೊಬ್ಬನಿಗೆ ಹೋಯ್ತು ಅಂತ ಕೆರಳಿ, ರಾತ್ರಿ ಕತ್ತಿ ಹಿಡಿದು ಹೊರಡ್ತಾನೆ. ದೇವತೆ ಅವನ ಬುದ್ಧಿಗೆ ಮಂಕು ಕವಿಸ್ತಾಳೆ. ಬೆಳಗಾದಾಗ ನೋಡಿದ್ರೆ ಕಡಿದಿದ್ದು ಶತ್ರುಗಳನ್ನಲ್ಲ, ದನ ಕುರಿಗಳನ್ನ. ನಾಚಿಕೆ ತಡೆಯಲಾಗದೆ ಪ್ರಾಣ ಬಿಡ್ತಾನೆ. ಈಗ ಅಶ್ವತ್ಥಾಮನ್ನ ನೆನಪಿಸ್ಕೊಳ್ಳಿ. ನಮ್ಮ ಜನ ಹೇಳೋ ಕತೆಯಲ್ಲಿ ಅವನೂ ರಾತ್ರಿ ನುಗ್ಗಿ, ಪಾಂಡವರು ಅಂದ್ಕೊಂಡು ಮಲಗಿದ್ದ ಮಕ್ಕಳನ್ನ ಕೊಂದವನು. ಬಿಎಂಶ್ರೀ ಈ ಎರಡು ಕತ್ತಲೆಗಳನ್ನ ಒಂದು ಮಾಡಿದರು. ಆದ್ರೆ ಅಶ್ವತ್ಥಾಮ ಚಿರಂಜೀವಿ. ಸಾಯದವನನ್ನ ಸಾಯಿಸಿದ್ದು ಆಗ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು.

ಇನ್ನು ನಮ್ಮ ನಾಟಕಕ್ಕೆ ಬರೋಣ. ನಾವು ತುಮಕೂರಿನ ಎಂಟು ಜನ. ಕೆಲಸ ಮುಗಿಸಿ ರಾತ್ರಿ ಒಬ್ಬ ಗೆಳೆಯನ ಮನೆ ಟೆರೇಸ್ ಮೇಲೆ ರಿಹರ್ಸಲ್. ಬಿಎಂಶ್ರೀ ಹಿಡಿದ ದಾರಿಯಲ್ಲೇ ಹೋಗಿ, ಕತೆಯನ್ನ ಇವತ್ತಿಗೆ ತಂದ್ವಿ. ನಮ್ಮ ಅಶ್ವತ್ಥಾಮ ಒಂದು ಗೋಡೌನಿನ ಸೆಕ್ಯುರಿಟಿ ಗಾರ್ಡ್, ಮಿಲಿಟರಿಯಿಂದ ರಿಟೈರ್ ಆದವನು. ಸೂಪರ್‌ವೈಸರ್ ಕೆಲಸ ಅವನಿಗೆ ಅಂತ ಹೇಳಿ ಬೇರೆಯವನಿಗೆ ಕೊಡ್ತಾರೆ. ಗ್ರೀಕ್ ನಾಟಕದ ಮೇಳ ನಮ್ಮಲ್ಲಿ ವಾಟ್ಸಾಪ್ ಗ್ರೂಪ್. ಬೆಳಗ್ಗೆ ಕುರಿ ರೊಪ್ಪದಲ್ಲಿ ರಕ್ತ ಹತ್ತಿದ ಕೈಯಲ್ಲಿ ಅವನು ಕೂತಿರುವಾಗ, ಮೇಳದವರ ಫೋನ್‌ಗಳು ಒಂದೊಂದಾಗಿ ಬೆಳಗ್ತಾವೆ. ವಿಡಿಯೋ ಆಗಲೇ ಫಾರ್ವರ್ಡ್ ಆಗಿರುತ್ತೆ.

ತಾತನಿಗೆ ಫೋನ್ ಮಾಡಿ ಹೇಳಿದೆ. ಮೊದಲು ಖುಷಿ. ಆಮೇಲೆ ಕೊನೆ ಏನು ಅಂತ ಕೇಳಿದ್ರು. ಹೇಳಿದೆ.

"ಅವ್ನು ಚಿರಂಜೀವಿ ಕಣ್ಲಾ, ಸಾಯಾಕಿಲ್ಲ. ನಾನು ತೊಡೆ ಮುರ್ಕೊಂಡು ಬಿದ್ದಿದ್ದಾಗ ಕೊನೇಗೆ ಬಂದು ಮಾತಾಡ್ಸಿದೋನು ಅವ್ನೇಯ. ಅವನ್ನ ಸಾಯ್ಸಿದ್ರೆ ನಾನು ಬರಾಕಿಲ್ಲ."

ಆ ರಾತ್ರಿ ಟೆರೇಸ್ ಮೇಲೆ ಜಗಳ ಆಯ್ತು. ಒಬ್ಬಳು ಗೆಳತಿ ಬೇರೆ ಕಾರಣಕ್ಕೆ ಹೆದರಿದ್ದಳು. "ಕೆಲಸ ಕಳ್ಕೊಂಡು ಅವಮಾನದಲ್ಲಿರೋರು ಎದುರಿಗೆ ಕೂತಿರ್ತಾರೆ. ಸಾವನ್ನ ದೊಡ್ಡಸ್ತಿಕೆ ಮಾಡಿ ತೋರಿಸ್ಬೇಡಿ" ಅಂದಳು. ಅವಳು ಹೇಳಿದ್ದೇ ಸರಿ ಅನ್ನಿಸ್ತು. ಹಾಗಂತ ದೇವರ ಕೈಯಲ್ಲಿ ಬದುಕಿಸಿದ್ರೆ ನಾವೂ 'ರಾಮವರ್ಮ ಲೀಲಾವತಿ' ಆಗ್ತೀವಿ. ಕೊನೆಗೆ ಮತ್ತೆ ಸೋಫೋಕ್ಲೀಸ್‌ನನ್ನೇ ಓದಿದ್ವಿ. ಏಜಾಕ್ಸ್ ಸತ್ತ ಮೇಲೂ ನಾಟಕ ಮುಗಿಯಲ್ಲ. ಹೆಣಕ್ಕೆ ಮಣ್ಣು ಕೊಡಬೇಕಾ ಬೇಡ್ವಾ ಅನ್ನೋದೇ ಉಳಿದ ಭಾಗದ ಜಗಳ. ಕೊನೆಗೆ ಅವನ ಪರ ಮಾತಾಡೋದು ಅವನ ಶತ್ರುವೇ. ಸಾವನ್ನ ತೋರಿಸೋದು ಬೇಡ, ಸತ್ತ ಮೇಲಿನದನ್ನ ಪೂರ್ತಿ ತೋರಿಸೋಣ ಅಂತ ತೀರ್ಮಾನ ಮಾಡಿದ್ವಿ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಕಂಪನಿ ನಾಟಕ ಬೇರೆ, ಹೊಸ ನಾಟಕ ಬೇರೆ ಅಂತ ನಾವು ಗೋಡೆ ಕಟ್ಟಿಕೊಂಡಿದ್ದೀವಲ್ಲ, ಇತಿಹಾಸ ಹಾಗೆ ಇಲ್ಲ. ಬಿ.ವಿ. ಕಾರಂತರು ಹುಡುಗನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅವರನ್ನ ಓದೋಕೆ ಕಾಶಿಗೆ ಕಳಿಸಿದ್ದು ವೀರಣ್ಣನವರೇ. ಅದೇ ಕಾರಂತರು 1972ರಲ್ಲಿ ಬೆಂಗಳೂರಿನಲ್ಲಿ ಲಂಕೇಶರ ಕನ್ನಡದಲ್ಲಿ ಸೋಫೋಕ್ಲೀಸ್‌ನ 'ಈಡಿಪಸ್' ಮಾಡಿಸಿದರು. ವೀರಣ್ಣ ತೀರಿಕೊಂಡದ್ದೂ ಅದೇ ವರ್ಷ.

ನಾಟಕದ ದಿನ ತಾತ ಬಂದ್ರು. ಯಾಕೆ ಮನಸ್ಸು ಬದಲಾಯ್ತು ಅಂತ ನಾನು ಕೇಳಲಿಲ್ಲ. ಲೈಟ್ ಆರಿತು, ನಾನು ಮಲಗಿದೆ. ಮೇಲೆ ಒಂದು ಬಿಳಿ ಪಂಚೆ ಹೊದಿಸಿದ್ರು. ಇಪ್ಪತ್ತೈದು ನಿಮಿಷ ಅಲ್ಲಾಡದೆ ಮಲಗಿರಬೇಕು. ನನ್ನ ಹೆಣದ ಸುತ್ತ ಜನ ಜಗಳ ಆಡ್ತಿದ್ರು. ಕೊನೆಗೆ ನನ್ನ ಕೆಲಸ ಕಿತ್ಕೊಂಡವನೇ ಬಂದು, "ಇವನು ನಮ್ಮೋನು, ನಾನೂ ಹೆಗಲು ಕೊಡ್ತೀನಿ" ಅಂದ. ಸಭೆಯಲ್ಲಿ ಯಾರೂ ವನ್ಸ್ ಮೋರ್ ಅನ್ನಲಿಲ್ಲ. ಯಾರೋ ಮೂಗು ಒರೆಸಿಕೊಂಡ ಸದ್ದು ಮಾತ್ರ ಕೇಳಿಸ್ತು.

ಬಣ್ಣ ತೊಳ್ಕೊಂಡು ಹೊರಗೆ ಬಂದಾಗ ತಾತ ಬೈಕ್ ಹತ್ರ ನಿಂತಿದ್ರು. ಚೆನ್ನಾಗಿತ್ತು ಅಂತ ಹೇಳಲಿಲ್ಲ.

"ನಾನು ಇಷ್ಟು ಸಲ ಸತ್ತೆ, ಒಂದು ಸಲನಾದ್ರೂ ನಂಗೆ ಯಾರೂ ಮಣ್ಣು ಮಾಡ್ಲಿಲ್ಲ ಕಣ್ಲಾ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನಡಿ, ಕುಣಿಗಲ್ ಲಾಸ್ಟ್ ಬಸ್ ಹೊಂಟೋಯ್ತದೆ" ಅಂದ್ರು.

ನಿಮ್ಮ ಮನೆಯಲ್ಲೂ ಬಣ್ಣ ಹಚ್ಚಿದ ತಾತ, ದೊಡ್ಡಪ್ಪ, ಮಾವ ಯಾರಾದ್ರೂ ಇದ್ರೆ, ಅವರು ಯಾವ ಪಾರ್ಟು ಮಾಡ್ತಿದ್ರು, ಹೇಗೆ ಸಾಯ್ತಿದ್ರು ಅಂತ ಇವತ್ತೇ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.