ಹಬ್ಬದ ಬಿಸ್ಕತ್ತುಗಳ ತಯಾರಿಕೆಯಲ್ಲಿ ಸಕ್ಕರೆಯ ಬದಲಿ ಪದಾರ್ಥಗಳು

ದೀಪಾವಳಿಯ ನಾನ್‌ಖಟಾಯಿ, ಕ್ರಿಸ್‌ಮಸ್‌ನ ಬೆಣ್ಣೆ ಬಿಸ್ಕತ್ತು ಮುಂತಾದ ತಿನಿಸುಗಳನ್ನು ಮಧುಮೇಹವುಳ್ಳವರಿಗಾಗಿ ಸಕ್ಕರೆಯಿಲ್ಲದೆ ತಯಾರಿಸುವ ರೂಢಿ ಅನೇಕ ಮನೆಗಳಲ್ಲಿದೆ. ಆದರೆ ಸಕ್ಕರೆಯನ್ನು ಕೈಬಿಟ್ಟ ಮಾತ್ರಕ್ಕೆ ಬಿಸ್ಕತ್ತಿನಲ್ಲಿ ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಅಲ್ಪವಾಗುವುದಿಲ್ಲ ಎಂಬುದನ್ನು ಮೊದಲು ಗಮನಿಸಬೇಕು.

ಹಿಟ್ಟಿನ ಆಯ್ಕೆ

100 ಗ್ರಾಂ ಮೈದಾ ಹಿಟ್ಟಿನಲ್ಲಿ ಸುಮಾರು 74 ಗ್ರಾಂ ಶರ್ಕರಪಿಷ್ಟವಿದ್ದು, ಅದು ಜೀರ್ಣವಾದಾಗ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ರಾಗಿಯಲ್ಲಿ ನಾರು ಮತ್ತು ಸುಣ್ಣದಂಶ ಹೆಚ್ಚಾಗಿರುವುದು ನಿಜ. ಆದರೂ ಅದರ ಶರ್ಕರಪಿಷ್ಟ 100 ಗ್ರಾಂಗೆ ಸುಮಾರು 67 ಗ್ರಾಂ. ಆದುದರಿಂದ ರಾಗಿ ಬಿಸ್ಕತ್ತನ್ನು ಎಷ್ಟು ಬೇಕಾದರೂ ತಿನ್ನಬಹುದೆಂಬ ಭಾವನೆ ಸರಿಯಲ್ಲ. ಬೆಲ್ಲ ಮತ್ತು ಜೇನುತುಪ್ಪಗಳು ಸಕ್ಕರೆಯ ಬದಲಿಗಳಲ್ಲ, ಅವೂ ಸಕ್ಕರೆಯೇ. ಬಾದಾಮಿ ಪುಡಿಯಲ್ಲಾದರೆ 100 ಗ್ರಾಂಗೆ ಒಟ್ಟು ಸುಮಾರು 20 ಗ್ರಾಂ ಶರ್ಕರಪಿಷ್ಟವಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಜೀರ್ಣವಾಗದ ನಾರು.

ಸಿಹಿಕಾರಕಗಳ ಗುಣ

ಬಿಸ್ಕತ್ತಿನಲ್ಲಿ ಸಕ್ಕರೆಯ ಕೆಲಸ ಸಿಹಿ ನೀಡುವುದಷ್ಟೇ ಅಲ್ಲ. ಅದು ಹಿಟ್ಟಿಗೆ ಗಾತ್ರ ಕೊಡುತ್ತದೆ, ಬೆಣ್ಣೆಯೊಡನೆ ನಾದಿದಾಗ ಗಾಳಿಯನ್ನು ಹಿಡಿದಿಡುತ್ತದೆ, ಒಲೆಯ ಶಾಖದಲ್ಲಿ ಕಂದು ಬಣ್ಣ ತರುತ್ತದೆ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಚಿಟಿಕೆಯಷ್ಟು ಸಾಕಾಗುವುದರಿಂದ ಈ ಗಾತ್ರ ದೊರೆಯುವುದಿಲ್ಲ. ಅಳತೆಗೆ ಸರಿಹೊಂದಲೆಂದು ಕೆಲವು ಪುಡಿಗಳಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ, ಅದು ಶರ್ಕರಪಿಷ್ಟವೇ. ಇದಲ್ಲದೆ ಸುಕ್ರಲೋಸನ್ನು ಹೆಚ್ಚು ಶಾಖಕ್ಕೆ ಒಡ್ಡಿದಾಗ ಹಾನಿಕಾರಕ ಕ್ಲೋರಿನ್ ಸಂಯುಕ್ತಗಳು ಉಂಟಾಗಬಹುದೆಂದು ಜರ್ಮನಿಯ ಫೆಡರಲ್ ಅಪಾಯ ಮೌಲ್ಯಮಾಪನ ಸಂಸ್ಥೆಯು 2019ರಲ್ಲಿ ಎಚ್ಚರಿಸಿತು. ಆಸ್ಪರ್ಟೇಮ್ ಶಾಖದಲ್ಲಿ ಒಡೆದು ಸಿಹಿ ಕಳೆದುಕೊಳ್ಳುವುದರಿಂದ ಬೇಯಿಸುವ ತಿನಿಸಿಗೆ ಒದಗುವುದಿಲ್ಲ. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುಕಾಯಿಲೆಯುಳ್ಳವರು ಅದನ್ನು ಸೇವಿಸಲೇಬಾರದು.

ಮನೆಯ ಬಳಕೆಗೆ ಹೆಚ್ಚು ಅನುಕೂಲವಾದುದು ಎರಿಥ್ರಿಟಾಲ್. ಇದರ ಸಿಹಿ ಸಕ್ಕರೆಯ ಶೇಕಡ 60ರಿಂದ 70ರಷ್ಟು. ರಕ್ತದ ಗ್ಲೂಕೋಸನ್ನು ಬಹುತೇಕ ಏರಿಸುವುದಿಲ್ಲ. ಇದು ಕಂದು ಬಣ್ಣ ತರುವುದಿಲ್ಲ, ತಿಂದಾಗ ನಾಲಿಗೆಗೆ ತಂಪೆನಿಸುತ್ತದೆ. ಏಲಕ್ಕಿಯ ಘಮಲಿನಲ್ಲಿ ಈ ತಂಪು ಅಷ್ಟಾಗಿ ತೋರದು. ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದವೆಂದು 2023ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರಿಂದ ಕಾರಣ ಸಿದ್ಧವಾಗದಿದ್ದರೂ, ಹೃದ್ರೋಗವುಳ್ಳವರು ವೈದ್ಯರನ್ನು ಕೇಳಿ ಬಳಸುವುದು ಒಳಿತು. ಅಂಗಡಿಯ 'ಶುಗರ್ ಫ್ರೀ' ಬಿಸ್ಕತ್ತುಗಳಲ್ಲಿ ಕಂಡುಬರುವ ಮಾಲ್ಟಿಟಾಲ್ ಮಾತ್ರ ರಕ್ತದ ಗ್ಲೂಕೋಸನ್ನು ಸ್ವಲ್ಪಮಟ್ಟಿಗೆ ಏರಿಸುತ್ತದೆ. ಹೆಚ್ಚು ತಿಂದರೆ ಹೊಟ್ಟೆಯುಬ್ಬರ ಮತ್ತು ಭೇದಿ ಉಂಟಾಗಬಹುದು.

ಬಾದಾಮಿ ಬಿಸ್ಕತ್ತು ತಯಾರಿಸುವ ವಿಧಾನ

60 ಗ್ರಾಂ ಎರಿಥ್ರಿಟಾಲನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿಕೊಳ್ಳಬೇಕು. ಹರಳಾಗಿಯೇ ಬಳಸಿದರೆ ಬಿಸ್ಕತ್ತು ಆರಿದ ಮೇಲೆ ಮರಳು ಕಡಿದಂತಾಗುತ್ತದೆ. ಅದನ್ನು 60 ಗ್ರಾಂ ಗಟ್ಟಿ ತುಪ್ಪದೊಡನೆ ಬಿಳಿಚುವವರೆಗೆ ನಾದಿ, 200 ಗ್ರಾಂ ಬಾದಾಮಿ ಪುಡಿ, ಕಾಲು ಚಮಚ ಬೇಕಿಂಗ್ ಪೌಡರ್, ಏಲಕ್ಕಿ ಪುಡಿ, ಚಿಟಿಕೆ ಉಪ್ಪು ಸೇರಿಸಬೇಕು. ಉಂಡೆ ಕಟ್ಟಲು ಬರುವಷ್ಟು ಮಾತ್ರ ಹಾಲು ಚಿಮುಕಿಸಿ, 20 ಉಂಡೆಗಳನ್ನು ಮಾಡಿ ತಟ್ಟಬೇಕು. ಇವು ತಾವಾಗಿ ಹರಡುವುದಿಲ್ಲವಾದ್ದರಿಂದ ಬೇಕಾದ ಆಕಾರವನ್ನು ಮೊದಲೇ ಕೊಡತಕ್ಕದ್ದು. 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಓವನ್‌ನಲ್ಲಿ 12ರಿಂದ 15 ನಿಮಿಷ ಬೇಯಿಸಿ, ಅಂಚು ಹೊಂಬಣ್ಣಕ್ಕೆ ತಿರುಗಿದೊಡನೆ ಹೊರತೆಗೆಯಬೇಕು. ಬಿಸಿಯಿರುವಾಗ ಮೆತ್ತಗಿರುವುದನ್ನು ಕಂಡು ಮತ್ತೆ ಒಳಗಿಟ್ಟರೆ ಕಹಿಯಾಗುತ್ತದೆ. ತಟ್ಟೆಯಲ್ಲೇ ಪೂರ್ತಿ ಆರಲು ಬಿಟ್ಟರೆ ಗಟ್ಟಿಯಾಗುತ್ತದೆ.

ಒಂದು ಬಿಸ್ಕತ್ತಿನಲ್ಲಿ ಎರಿಥ್ರಿಟಾಲ್ ಹೊರತುಪಡಿಸಿ, ನಾರೂ ಸೇರಿದಂತೆ, ಸುಮಾರು 2 ಗ್ರಾಂ ಶರ್ಕರಪಿಷ್ಟವಿರುತ್ತದೆ. ಶಕ್ತಿಯಾದರೋ ಸುಮಾರು 85 ಕಿಲೋಕ್ಯಾಲೊರಿಗಳಷ್ಟಿದ್ದು, ತೂಕ ಇಳಿಸಬೇಕಾದವರು ಎರಡಕ್ಕೇ ನಿಲ್ಲಿಸುವುದು ಲೇಸು.

ಇನ್ಸುಲಿನ್ ಪಡೆಯುವವರಿಗೆ ಎಚ್ಚರಿಕೆ

ಹಬ್ಬದ ದಿನ ಎಂದಿನ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು, ಊಟದ ಬದಲು ಇಂತಹ ಬಿಸ್ಕತ್ತುಗಳನ್ನೇ ತಿಂದರೆ ರಕ್ತದ ಗ್ಲೂಕೋಸ್ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಮಂಕು ಕಂಡುಬಂದಾಗ ಈ ಬಿಸ್ಕತ್ತು ಕೊಡುವುದರಿಂದ ಪ್ರಯೋಜನವಿಲ್ಲ. ಎಚ್ಚರವಿರುವ ವ್ಯಕ್ತಿಗೆ ಸುಮಾರು 15 ಗ್ರಾಂ ಗ್ಲೂಕೋಸನ್ನು, ಇಲ್ಲವೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಕ್ಷಣ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು. ನೋಟಕ್ಕೆ ಎರಡೂ ಬಗೆಯ ಬಿಸ್ಕತ್ತು ಒಂದೇ ತೆರನಾಗಿರುವುದರಿಂದ ಸಕ್ಕರೆಯಿಲ್ಲದವುಗಳನ್ನು ಹೆಸರು ಬರೆದ ಪ್ರತ್ಯೇಕ ಡಬ್ಬಿಯಲ್ಲಿಡಬೇಕು. ಎರಿಥ್ರಿಟಾಲ್‌ಗೆ ಬದಲಾಗಿ ಕ್ಸೈಲಿಟಾಲ್ ಬಳಸಿದ್ದಲ್ಲಿ ಆ ಡಬ್ಬಿ ಸಾಕುನಾಯಿಗೆ ಸಿಗದಂತೆ ನೋಡಿಕೊಳ್ಳಬೇಕು; ನಾಯಿಗಳಿಗೆ ಅದು ವಿಷ.